ಸರದ ಸ, ಶಂಖದ ಶ

...ಅಥವಾ ಚಿತ್ರದೊಳಗಿನ ಎತ್ತಿನ ಹೊಟ್ಟೆಯ ಮೇಲಲ್ಲ, ಗಾಡಿಯ ಗಾಲಿಯ ಮೇಲೆ ಗೀಚಿದ್ದೆನೋ ಏನೋ. ನನ್ನ ನೆನಪನ್ನು ಪೂರ್ತಿ ನಂಬಬೇಡಿ, ನಾನೇ ನಂಬುವುದಿಲ್ಲ. ಗೋಡೆಯ ಮೇಲಿನ ಅಕ್ಷರ ಬದಲಾಯಿತು ಎಂದು ಬೇರೆ ಯಾರಾದರೂ ಹೇಳಿದ್ದರೆ, ಕಣ್ಣು ತೋರಿಸಿಕೊಳ್ಳಿ ಎನ್ನುತ್ತಿದ್ದೆ.

ಗೀಚಿದವನು ನಾನು, ಅದರಲ್ಲಿ ಅನುಮಾನವಿಲ್ಲ. ದೇವದುರ್ಗದ ಶಾಲೆಯಿಂದ ರಾಯಚೂರಿಗೆ ಪ್ರವಾಸ ಬಂದಿದ್ದೆವು. ಬಸ್ಸಿನಲ್ಲಿ ಗೆಳೆಯ ಶರಣಪ್ಪ ನನಗೆ ಕಿಟಕಿಯ ಸೀಟು ಬಿಟ್ಟುಕೊಡಲಿಲ್ಲ. ಅಲ್ಲಿಯ ಉದ್ಯಾನದ ಗೋಡೆಯ ಮೇಲೆ, ಹತ್ತಿ ಹೇರಿದ ಎತ್ತಿನ ಗಾಡಿಗಳ ದೊಡ್ಡ ಚಿತ್ರವಿತ್ತು. ಸೀಟಿನ ಸಿಟ್ಟಿಗೆ, ಕೈವಾರದ ಮೊನೆಯಿಂದ ಅದರ ಮೇಲೆ ಅವನ ಹೆಸರು ಕೆತ್ತಿದೆ: ‘ಸರಣಪ್ಪ, ದೇವದುರ್ಗ.’ ಶಾಲೆಗೂ ಸಾಲಿ ಎನ್ನುವವರು ನಾವು. ಬಾಯಲ್ಲಿದ್ದದ್ದೇ ಕೈಗೆ ಬಂತು. ಕಾವಲುಗಾರ ಅದನ್ನು ಹೆಡ್‌ಮಾಸ್ತರರಿಗೆ ತೋರಿಸಿದ.

“ನಾ ಬರದ್ರ ನನ್ನ ಹೆಸರ ತಪ್ಪ ಬರೀತೀನೇನ್ರೀ ಸರ? ನಂದು ಶಂಖದ ಶ ರೀ, ಇದು ಸರದ ಸ!” ಎಂದು ಶರಣಪ್ಪ ಅಳುತ್ತ ಹೇಳಿದ.

“ಭಾಳ ಶಾಣ್ಯಾ ಅದಿ ಬಿಡಲೇ. ಬೇಕಂತ ತಪ್ಪ ಬರದೀ,” ಎಂದರು ಹೆಡ್‌ಮಾಸ್ತರರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಾಸ್ಟೆಲಿನಿಂದ ಅವನನ್ನು ತೆಗೆದರು. ಓದು ಅಲ್ಲಿಗೇ ನಿಂತಿತು. ಈಗ ಅವನು ದೇವದುರ್ಗದಲ್ಲಿ ಟೇಲರ್. ನಾನು ಮಾನ್ವಿಯಲ್ಲಿ ಕನ್ನಡ ಮಾಸ್ತರ.

ಹೋದ ವರ್ಷ ಆ ಚಿತ್ರದ ದುರಸ್ತಿ ಶುರುವಾಯಿತು. ಗೀರುಗಳನ್ನು ಮುಚ್ಚುವ ಮೊದಲು ಜನ ಬರೆದದ್ದನ್ನೆಲ್ಲ ದಾಖಲು ಮಾಡಲು ನನ್ನನ್ನು ಕರೆದರು. ದುರಸ್ತಿ ಮಾಡುವ ರೇಣುಕಾ ಏಣಿಯ ಮೇಲಿಂದ, “ಇಷ್ಟು ಮಂದಿ ಪ್ರೀತಿ ಮಾಡ್ಯಾರ್ರಿ ಸರ, ಒಬ್ಬರಿಗೂ ಒತ್ತಕ್ಷರ ಬರಂಗಿಲ್ಲ,” ಎಂದು ನಗುತ್ತಿದ್ದಳು. ಎತ್ತಿನ ಹೊಟ್ಟೆಯ ಮೇಲೆ ಆ ಹೆಸರು ಸಿಕ್ಕಿತು. ಇಡೀ ಗೋಡೆಯಲ್ಲಿ ಆ ಹೆಸರು ಇದ್ದದ್ದು ಅದೊಂದೇ. ನೋಟ್‌ಬುಕ್ಕಿನಲ್ಲಿ ‘ಸರಣಪ್ಪ’ ಎಂದು ಇಳಿಸಿಕೊಂಡೆ, ಫೋಟೋ ತೆಗೆದೆ. ಆಮೇಲೆ ಚಹಾ ಅಂಗಡಿಯಲ್ಲಿ ನಿಂತು, ಇವತ್ತು ಹೇಳಿಯೇಬಿಡೋಣ ಎಂದು ಅವನಿಗೆ ಫೋನ್ ಮಾಡಿದೆ.

“ಆ ಗ್ವಾಡಿ ಇನ್ನೂ ಅದ ಏನಲೇ?” ಎಂದ. ನಾನು ಬಾಯಿ ತೆರೆಯುವ ಮೊದಲೇ, “ಯಾವ ಸ ಅದ, ಹೇಳು.”

“ಸರದ ಸ.”

“ಫೋಟೋ ಕಳಸು ದೋಸ್ತ. ನಮ್ಮಪ್ಪ ಸಾಯೋತನಕ ನನ್ನ ಮಾತು ನಂಬಲಿಲ್ಲ. ಅವ್ವಗಾದ್ರೂ ತೋರಸ್ತೀನಿ.”

ಕಳಿಸಲೆಂದು ಫೋಟೋ ತೆರೆದೆ. ‘ಶರಣಪ್ಪ, ದೇವದುರ್ಗ.’ ಶಂಖದ ಶ.

ಗೋಡೆಗೆ ಓಡಿದೆ. ಅಲ್ಲಿಯೂ ಶ. ರೇಣುಕಾ ಟಾರ್ಚ್ ಹಿಡಿದು ನೋಡಿ, “ಯಾರೂ ತಿದ್ದಿಲ್ರೀ ಸರ. ಎಲ್ಲಾ ಒಂದೇ ಕಾಲದ ಗೀರು,” ಎಂದಳು.

ಹಾಗಾದರೆ ಬೆಳಿಗ್ಗೆ ನಾನು ಇಳಿಸಿಕೊಂಡದ್ದು ಗೋಡೆಯಿಂದಲೋ, ತಲೆಯಿಂದಲೋ? ತಪ್ಪಕ್ಷರ ಅವನಿಗೂ ನೆನಪಿದೆಯಲ್ಲ? ಶ ಇದ್ದರೆ ಬರೆದವನು ಅವನೇ ಇರಬಹುದು ಎಂದು ಒಂದು ಗಳಿಗೆ ನನ್ನ ಎದೆ ಹಗುರಾಯಿತು. ಹಾಗೆ ಹಗುರಾದದ್ದಕ್ಕೆ ಇಂದಿಗೂ ನಾಚುತ್ತೇನೆ.

ಮರುವಾರ ಗೀರುಗಳನ್ನು ಮುಚ್ಚಿದರು. ಶರಣಪ್ಪ ಎರಡು ಸಲ ಫೋಟೋ ಕೇಳಿದ. ಎರಡು ಸಲವೂ ಏನೋ ನೆವ ಹೇಳಿದೆ. ಬರೆದವನು ನಾನು ಎಂದು ಹೇಳಿಬಿಟ್ಟರೆ ಅವನ ಅವ್ವನಿಗೆ ಫೋಟೋ ಬೇಕಾಗುವುದೇ ಇಲ್ಲ. ಅದು ನನಗೆ ಗೊತ್ತು. ಗೋಡೆಯ ಮೇಲೆ ಯಾವ ಅಕ್ಷರವಿತ್ತು ಎಂಬುದು ಮಾತ್ರ ಗೊತ್ತಿಲ್ಲ.