ಘಟಸ್ಥಾಪನೆಗೆ ತಂದ ಎಸ್‌ಎಸ್‌ಡಿ

ಔರಾದಿನ ಪಾಂಡುರಂಗ ಇಪ್ಪತ್ತು ವರ್ಷ ಊರವರ ಮದುವೆಗಳ ವಿಡಿಯೋ ತೆಗೆದವನು. ಮದುವೆಯವರು ಸಿಡಿ ಒಯ್ದು ಮರೆತರೂ ಇವನು ಒಂದನ್ನೂ ಅಳಿಸಿದವನಲ್ಲ. ಯಾರಾದರೂ ತೀರಿಕೊಂಡರೆ ಮನೆಯವರು ಓಡಿಬರುವುದು ಇವನ ಅಂಗಡಿಗೇ. ಯಾವುದೋ ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಉಣ್ಣುತ್ತಿದ್ದ ಮುಖವನ್ನು ಹುಡುಕಿ, ಹಾರ ಹಾಕುವ ಫೋಟೋ ಮಾಡಿ ಕೊಡುತ್ತಿದ್ದ. ಅಷ್ಟೂ ಮುಖ ಹೊತ್ತ ಲ್ಯಾಪ್‌ಟಾಪು ಮುದಿ ಎತ್ತಿನಂತಾಗಿತ್ತು. ಗುಂಡಿ ಒತ್ತಿ, ಹೋಗಿ ಚಹಾ ಕುಡಿದು ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತು.

ಈ ಭಾದ್ರಪದದಲ್ಲಿ ಅದರೊಳಗೆ ಟಕ್ ಟಕ್ ಸದ್ದು ಶುರುವಾಯಿತು. ಬಸ್ಸು ಹತ್ತಿ ಬೀದರಿಗೆ ಹೋಗಿ, ರಿಪೇರಿ ಅಂಗಡಿಯ ಅಬ್ದುಲ ಖಾದರನ ಮುಂದಿಟ್ಟ.

“ಇದರ ಭರೋಸಾ ಇಲ್ರಿ ಇನ್ನ,” ಎಂದ ಖಾದರ. “ಹೊಸ ಹಾರ್ಡ್ ಡಿಸ್ಕ್ ಹಾಕ್ಸಿದ್ರ ಜಾಗಾ ಭಾಳ, ಖರೇ ಹಿಂಗೇ ಸಾವಕಾಶ. ಎಸ್‌ಎಸ್‌ಡಿ ಹಾಕ್ಸಿದ್ರ ಒತ್ತಿದ ಕೂಡ್ಲೇ ಚಾಲೂ, ಬಸ್ಸಿನಾಗ ಕುಲುಕಿದ್ರೂ ಏನೂ ಆಗಂಗಿಲ್ಲ. ಆದ್ರ ಅದೇ ರೊಕ್ಕಕ್ಕ ಜಾಗಾ ಕಾಲು ಭಾಗ.”

ಕಾಲು ಭಾಗವೆಂದರೆ ನಾಲ್ಕರಲ್ಲಿ ಮೂರು ಮದುವೆ ಕಸಕ್ಕೆ. ಎರಡು ಕಪ್ ಚಹಾ ಮುಗಿಯುವವರೆಗೆ ಪಾಂಡುರಂಗ ಲೆಕ್ಕ ಹಾಕಿದ. ಒಬ್ಬರನ್ನೊಬ್ಬರು ಬಿಟ್ಟು ಬೇರೆಯಾದ ಜೋಡಿಗಳನ್ನು ಮೊದಲು ಅಳಿಸಿದರಾಯಿತು, ಅವರೇನು ಕೇಳಲು ಬರುವುದಿಲ್ಲ! ಭಾಲ್ಕಿಯ ಕಪಿಲನ ಮದುವೆ ಮಾತ್ರ ಇರಲೇಬೇಕು. ಆ ಮೆರವಣಿಗೆಯಲ್ಲಿ ಇವನೂರಿನ ಶಾಲುಬಾಯಿಯ ಒಬ್ಬನೇ ಮಗ ಕುಣಾಲ ಎರಡು ನಿಮಿಷ ಕುಣಿದಿದ್ದ. ವರ್ಷ ತುಂಬುವುದರೊಳಗೆ ಜನವಾಡದ ಹತ್ತಿರ ಬೈಕಿನಿಂದ ಬಿದ್ದು ತೀರಿಕೊಂಡ. ಅವನು ಕೈಕಾಲು ಆಡಿಸುವ ವಿಡಿಯೋ ಮತ್ತೆಲ್ಲೂ ಉಳಿದಿರಲಿಲ್ಲ. ಕಪಿಲನ ಸಿಡಿಯಲ್ಲೂ ಇಲ್ಲ. ಉದ್ದವಾಯಿತೆಂದು ಪಾಂಡುರಂಗನೇ ಕತ್ತರಿ ಹಾಕಿದ್ದ. ಶಾಲುಬಾಯಿಯ ಹತ್ತಿರ ಇದ್ದದ್ದು ಬಟನ್ ಮೊಬೈಲು. ಪ್ರತಿ ಪಿತೃಪಕ್ಷದಲ್ಲಿ ಮಗನ ತಿಥಿಯ ದಿನ ಅಂಗಡಿಗೆ ಬಂದು ನೋಡಿ ಹೋಗುತ್ತಿದ್ದಳು. ಪೆನ್‌ಡ್ರೈವಿಗೆ ಹಾಕಿಡಬೇಕೆಂದು ಇವನು ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದ.

“ಎಸ್‌ಎಸ್‌ಡಿನೇ ಇರ್ಲಿ,” ಎಂದ ಕೊನೆಗೆ. “ಆದ್ರ ಈಗ ಪಕ್ಷ ನಡದದ. ಪಕ್ಷದಾಗ ನಾವು ಹೊಸಾದು ಏನೂ ತಗೊಳ್ಳಂಗಿಲ್ಲ. ನವರಾತ್ರಿ ಘಟಸ್ಥಾಪನಾ ದಿನ ಬರ್ತೇನಿ.”

“ಆವಾಗೇ ತಗೋರಿ. ಇವತ್ತ ಬೇಕಾದಷ್ಟು ನನ್ನ ಡಿಸ್ಕಿಗಿ ಕಾಪಿ ಮಾಡಿ ಇಡ್ತೇನಿ. ಎರಡು ತಾಸು ಕೂಡ್ರಿ.”

“ಬಸ್ಸು ತಪ್ತದ್ರಿ. ಎಂಟು ದಿನದ ಮಾತು.”

“ಹಂಗಾದ್ರ ಅಲ್ಲಿತನಕ ಚಾಲೂ ಮಾಡಬ್ಯಾಡ್ರಿ.”

ಪಕ್ಷದಲ್ಲಿ ಮದುವೆಗಳೇ ಇಲ್ಲ, ಚಾಲೂ ಯಾಕೆ ಮಾಡಲಿ? ನೆಮ್ಮದಿಯಿಂದ ಬಸ್ಸು ಹತ್ತಿದ. ಬುದ್ಧಿಗೆ ಮಂಕು ಕವಿದಿತ್ತು.

ಮೂರನೆಯ ದಿನ ಶಾಲುಬಾಯಿ ಬಂದಳು. ಕಾಗೆಗೆ ಎಡೆ ಇಟ್ಟು, ಉಳಿದ ಖೀರನ್ನು ಡಬ್ಬಿಯಲ್ಲಿ ತಂದಿದ್ದಳು.

“ಇವತ್ತ ಅವನ ತಿಥಿ ತಮ್ಮಾ. ಒಂದ್ಸಲ ಹಚ್ಚು.”

“ಇವತ್ತ ಬ್ಯಾಡ ಅಕ್ಕಾ. ಮಶೀನ್ ಜಡ್ಡಿಗಿ ಬಿದ್ದದ.”

“ಪಕ್ಷದಾಗ ಹೋದವರು ಮನಿಗಿ ಬರ್ತಾರಂತ. ನನ್ನ ಕಣ್ಣಿಗಿ ಎಲ್ಲಿ ಕಾಣ್ತಾನ? ನಿನ್ನ ಅಂಗಡ್ಯಾಗರೇ ಕಾಣ್ತಾನ.”

ಇದಕ್ಕೆ ಇಲ್ಲವೆನ್ನುವ ಗಟ್ಟಿತನ ಪಾಂಡುರಂಗನಿಗೆ ಎಲ್ಲಿಂದ ಬರಬೇಕು? ಗುಂಡಿ ಒತ್ತಿದ. ಹತ್ತು ನಿಮಿಷಕ್ಕೆ ಪರದೆ ಬೆಳಗಿತು. ಪೇಟಾ ಸುತ್ತಿದ ಕುಣಾಲ ಕೈ ಎತ್ತಿ, ಬೆನ್ನು ತೋರಿಸಿ ಕುಣಿಯುತ್ತ, ಇತ್ತ ತಿರುಗಬೇಕು ಅನ್ನುವಷ್ಟರಲ್ಲಿ ಹಾಗೇ ನಿಂತುಬಿಟ್ಟ. ಟಕ್ ಟಕ್ ಎಂದಿತು. ಪರದೆ ಕಪ್ಪಾಯಿತು.

ಪಾಂಡುರಂಗ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ. ಶಾಲುಬಾಯಿ ಮಾತ್ರ ಸೆರಗು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕುಳಿತೇ ಇದ್ದಳು. ಈ ಮಶೀನಿನ ನಿಧಾನ ಅವಳಿಗೆ ಹೊಸದಲ್ಲ.

“ಆಗ್ಲಿ ತಮ್ಮಾ, ಸಾವಕಾಶ ಆಗ್ಲಿ. ನಾ ಕುಂಡ್ರತೇನಿ.”

ಒಂದು ತಾಸು ಕುಳಿತಳು. ಕೊನೆಗೆ ಅವನು, “ಘಟಸ್ಥಾಪನಾ ಆದ ಮ್ಯಾಲ ಬರ್ರಿ ಅಕ್ಕಾ, ಹೊಸಾದು ಹಾಕ್ಸ್ತೇನಿ, ಅದರಾಗ ಕಾಣ್ತಾನ,” ಎಂದು ಸುಳ್ಳು ಹೇಳಿ ಕಳಿಸಿದ.

ಘಟಸ್ಥಾಪನೆಯ ದಿನ ಖಾದರ ಹಳೆಯ ಡಿಸ್ಕನ್ನು ಕಿವಿಗೆ ಹಿಡಿದು ಕೇಳಿ, ತಲೆ ಅಲ್ಲಾಡಿಸಿದ. “ಒಳಗ ಪೂರಾ ಗೀರಿ ಹೋಗ್ಯಾದ್ರಿ. ಯಾರ ಕಡಿಂದನೂ ಆಗಂಗಿಲ್ಲ.” ಹೊಸ ಎಸ್‌ಎಸ್‌ಡಿ ಕೂಡಿಸಿಕೊಟ್ಟ. ಯಾವ ಮದುವೆಯನ್ನೂ ಅಳಿಸುವ ತಾಪತ್ರಯ ಉಳಿದಿರಲಿಲ್ಲ.

ಮರುದಿನ ಅಂಗಡಿ ತೆರೆಯುವ ಮೊದಲೇ ಶಾಲುಬಾಯಿ ಬಾಗಿಲಲ್ಲಿ ನಿಂತಿದ್ದಳು. ಪಾಂಡುರಂಗ ಗುಂಡಿ ಒತ್ತಿದ. ಅವಳು ಸ್ಟೂಲು ಎಳೆದುಕೊಳ್ಳುವುದರೊಳಗೆ ಪರದೆ ಝಗ್ಗನೆ ಬೆಳಗಿತು. ಆ ಹಳೆಯ ಹತ್ತು ನಿಮಿಷ ಇವತ್ತೊಂದು ದಿನ ಸಿಕ್ಕಿದ್ದರೆ, ಹೇಳಬೇಕಾದ ಮಾತನ್ನು ಹ್ಯಾಗೋ ಹೊಂದಿಸಿಕೊಳ್ಳುತ್ತಿದ್ದ.

“ಎಷ್ಟ್ ಲಗೂ ಬಂತಲ್ಲೋ ತಮ್ಮಾ!” ಎಂದಳು ಶಾಲುಬಾಯಿ, ಮುಂದಕ್ಕೆ ಬಾಗಿ. “ಹಚ್ಚು.”