ಸತೀಶ ಆನೆಯಾದ, ನಾನು ಬಾಳೆಗಿಡವಾದೆ

ಫ್ರೆಂಡ್ಸ್, ಸುಳ್ಳು ಯಾಕೆ ಹೇಳಲಿ, ಬೆಳಿಗ್ಗೆಯಿಂದ ಹೊಟ್ಟೆ ಉರಿಯುತ್ತಿದೆ. ನಮ್ಮ ಕಡೆಯ ಕಾಡಾನೆಗಳ ಬಗ್ಗೆ ವಿಡಿಯೋ ಗೇಮ್ ಮಾಡುತ್ತೇವೆ ಎಂದು ಯಾರೋ ಆನ್‌ಲೈನಿನಲ್ಲಿ ಜನರಿಂದ ಹಣ ಕೇಳಿದ್ದರು. ಹಣ ಹಾಕಿದವರ ಹೆಸರನ್ನು ಗೇಮಿನಲ್ಲಿ ಯಾವುದಕ್ಕಾದರೂ ಇಡುತ್ತಾರಂತೆ. ಹೋದ ವರ್ಷ ನಾನೂ ಗೆಳೆಯ ಸತೀಶನೂ ಒಂದೇ ದಿನ, ಒಂದೇ ಮೊತ್ತ ಹಾಕಿದ್ದೆವು.

ಇವತ್ತು ಬೆಳಗೋಡಿನ ಹೋಟೆಲಿನಲ್ಲಿ ಸತೀಶ ಗೇಮಿನವರು ಕಳಿಸಿದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದ. ಉದ್ದ ಕೊಂಬಿನ ಒಂಟಿ ಸಲಗಕ್ಕೆ ಅವನ ಹೆಸರು!

"ನಂಗೇನ್ ಕೊಟ್ಟವ್ರೆ?" ಎಂದೆ.

"ನೀನು ಬಾಳೆಗಿಡ ಕಣೋ. ನಾನ್ ಬಂದು ಮುರ್ಕೊಂಡ್ ತಿಂದ್ಬುಡ್ತೀನಿ!"

ಹೋಟೆಲಿನವರೆಲ್ಲ ನಕ್ಕರು. ಆಮೇಲೆ ಅವನೇ ಮುಖ ಸಪ್ಪಗೆ ಮಾಡಿದ. "ಗೇಮ್ ಅರ್ಧಕ್ಕೇ ನಿಂತೈತಂತೆ. ಇನ್ನೊಂದ್ಸಲ ಎಲ್ರೂ ದುಡ್ಡು ಹಾಕ್ದಿದ್ರೆ ಬರೋದೇ ಇಲ್ವಂತೆ. ಹಾಕು ಮಾರಾಯ."

ಹಾಕಲಿಲ್ಲ. ನನ್ನ ದುಡ್ಡು ಮುಳುಗಿದರೆ ಮುಳುಗಲಿ, ಆ ಆನೆ ಮಾತ್ರ ಹುಟ್ಟಬಾರದು.