ಮಾತು ಬಿಟ್ಟ ಕಂಟ್ರೋಲರ್

ಆ ಎಲೆಕ್ಟ್ರಿಕ್ ಆಟೋ ನನ್ನ ಅಂಗಡಿಗೆ ಬಂದದ್ದು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಕೂತು. ಅದರ ಒಡತಿ ಕೆರೆಬಿಳಚಿಯ ಹೆಣ್ಣುಮಗಳು. ಆಟೋ ಓಡಿಸುವವಳೂ ಅವಳೇ. ಟ್ರೇಲರಿನಿಂದ ಇಳಿಯುವ ಮೊದಲೇ ಮಾತು ಶುರುಮಾಡಿದಳು.

"ಅಣ್ಣಾರೆ, ನಾಳೆ ಬೆಳಿಗ್ಗೆ ಗಾಡಿ ಬೇಕು. ಆಗಲ್ಲ ಅನ್ನಂಗಿದ್ರೆ ಈಗ್ಲೇ ಅಂದ್ಬಿಡ್ರಿ, ಟ್ರ್ಯಾಕ್ಟರ್ ವಾಪಸ್ ಹೋಗೋದ್ರೊಳಗೆ."

ಸವಳಂಗದಿಂದ ಬರಿಗೈಯಲ್ಲಿ ಬಂದು ಚನ್ನಗಿರಿಯಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಚೌಕಾಸಿಯೇ ನನ್ನ ಬಂಡವಾಳ. ಗಿರಾಕಿಗೆ ಅವಸರವಿದೆ ಎಂದು ಗೊತ್ತಾದ ಕೂಡಲೇ ದರ ಏರಿಸುವವರಿದ್ದಾರೆ. ನಾನು ಮೊದಲು ಅವಸರ ಯಾಕೆಂದು ಕೇಳುತ್ತೇನೆ. ಕಾರಣ ಗೊತ್ತಿದ್ದರೆ ಕೆಲಸ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುತ್ತದೆ. ಅಂಗಡಿ ಇಡುವ ಯಾರಿಗಾದರೂ ಇದೇ ನನ್ನ ಸಲಹೆ.

ಅವಳ ಕಾರಣ ಇಷ್ಟು. ತೋಟಗಳ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರೊಬ್ಬರು ಮಾರನೆಯ ದಿನ ಅಡಿಕೆ ಸುಲಿಸಲು ಆರಂಭಿಸುವವರಿದ್ದರು. ಸುಲಿಯುವ ಹೆಂಗಸರನ್ನು ಪೇಟೆಯ ಅಂಚಿನ ಕೇರಿಯಿಂದ ದಿನವೂ ಕರೆತರುವ ಕೆಲಸ ಇವಳಿಗೆ ಎಂದು ಮಾತಾಗಿತ್ತು. ಮೊದಲ ದಿನವೇ ತಪ್ಪಿದರೆ ಇಡೀ ಸುಗ್ಗಿಯ ಬಾಡಿಗೆ ಬೇರೆಯವರ ಪಾಲು.

"ಡೀಸೆಲ್ ಆಟೋದವನು ಒಬ್ಬ ಆಗ್ಲೇ ಅವರ ಗೇಟಿನ ಮುಂದೆ ಗಾಡಿ ಒರೆಸ್ಕೊಂಡು ಕೂತಾನೆ," ಎಂದಳು. "ಬ್ಯಾಟ್ರಿ ಗಾಡಿ ಆಟದ ಸಾಮಾನು, ನೆಚ್ಕೋಬ್ಯಾಡ್ರಿ ಅಂತ ಊರೆಲ್ಲಾ ಹೇಳ್ಕೊಂಡು ಬಂದಾನೆ."

ಆಟೋ ಕೆಳಗಿಳಿಸಿ ಕೀಲಿ ತಿರುವಿದೆ. ದೀಪ ಹತ್ತಿತು, ಹಾರ್ನ್ ಕೂಗಿತು, ಆಕ್ಸಲರೇಟರ್ ತಿರುವಿದರೂ ಚಕ್ರ ಮಾತ್ರ ಅಲುಗಲಿಲ್ಲ. ಮೋಟಾರ್ ಕಂಟ್ರೋಲರ್ ಜೊತೆ ಸಂಪರ್ಕವಿಲ್ಲ ಎಂದು ಮುಂದಿನ ಪರದೆ ಹೇಳುತ್ತಿತ್ತು. ಕಂಟ್ರೋಲರ್ ಎಂದರೆ ನಾವು ಆಕ್ಸಲರೇಟರ್ ತಿರುವಿದಷ್ಟಕ್ಕೆ ತಕ್ಕಂತೆ ಮೋಟಾರಿಗೆ ಕರೆಂಟು ಅಳೆದು ಕೊಡುವ ಡಬ್ಬಿ. ದಾವಣಗೆರೆಯ ಬಿಡಿಭಾಗದ ವ್ಯಾಪಾರಿಗೆ ಅವಳು ಆಗಲೇ ಫೋನು ಮಾಡಿದ್ದಳು. ಡಬ್ಬಿ ಹೋಗಿರಬೇಕು, ಹೊಸದು ಹೊರಗಿನಿಂದ ಬರಬೇಕು, ಕಾಯಬೇಕಾಗುತ್ತದೆ ಎಂದು ಆತ ಹೇಳಿದ್ದನಂತೆ.

ಸಂಬಂಧಿಕರಲ್ಲಿ ಇಬ್ಬರು ಮಾತು ಬಿಟ್ಟರೆ ಒಬ್ಬರು ಸತ್ತರೆಂದು ಯಾರೂ ತಿಳಿಯುವುದಿಲ್ಲ. ನಡುವೆ ಏನು ನಡೆಯಿತೆಂದು ವಿಚಾರಿಸುತ್ತಾರೆ. ನಾನೂ ಅದನ್ನೇ ಮಾಡಿದೆ. ಡಬ್ಬಿಗೆ ಕರೆಂಟು ಬರುತ್ತಿದೆಯೇ ನೋಡಿದೆ, ಬರುತ್ತಿತ್ತು. ಅರ್ಥಿಂಗ್ ಸರಿಯಿತ್ತು. ಉಳಿದದ್ದು ಪರದೆಗೂ ಡಬ್ಬಿಗೂ ಮಾತು ಸಾಗಿಸುವ, ಒಂದಕ್ಕೊಂದು ಹೆಣೆದ ಎರಡು ತೆಳ್ಳನೆಯ ತಂತಿ. ಅವುಗಳ ಎರಡು ತುದಿಗಳಲ್ಲೂ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಸ್ವಿಚ್ ಆರಿಸಿ ಮೀಟರ್ ಹಿಡಿದರೆ ಎರಡೂ ಸೇರಿ ಅರವತ್ತು ಓಮ್ ತೋರಿಸಬೇಕು, ಒಂದೇ ಸಿಕ್ಕರೆ ಅದರ ಎರಡರಷ್ಟು. ನನಗೆ ನೂರಿಪ್ಪತ್ತು ಬಂತು. ಅಂದರೆ ಒಂದು ತುದಿ ಕೈಬಿಟ್ಟಿದೆ.

"ಏನಣ್ಣಾ, ನಾಡಿ ಹಿಡ್ದಂಗೆ ಹಿಡ್ಕೊಂಡು ಕೂತ್ರಿ? ಐತೋ ಹೋತೋ?"

"ಉಸಿರೈತೆ, ತಡಿ."

ಡಬ್ಬಿಯ ಪ್ಲಗ್ ಬಿಚ್ಚಿ ಡಬ್ಬಿಯ ಬಾಯಲ್ಲೇ ಅಳೆದೆ. ಅದರೊಳಗಿನ ರೆಸಿಸ್ಟರ್ ಕ್ಷೇಮವಾಗಿತ್ತು. ಹಾಗಾದರೆ ಜಗಳ ನಡುದಾರಿಯಲ್ಲಿದೆ. ತಂತಿಯನ್ನು ಬೆರಳಲ್ಲಿ ಹಿಡಿದುಕೊಂಡೇ ಹಿಂದಕ್ಕೆ ಹೋದೆ. ಪ್ಯಾಸೆಂಜರ್ ಕಾಲಿಡುವ ಮ್ಯಾಟಿನ ಕೆಳಗೆ, ತಗಡಿನ ಸಂದಿಯಲ್ಲಿ, ಒಂದು ಜೋಡಣೆ ಸಿಕ್ಕಿತು. ಅದರ ಮೇಲೆ ಕಂದುಗಪ್ಪಾಗಿ ಏನೋ ಒಣಗಿ ಅಂಟಿತ್ತು, ವಾರ್ನಿಷ್ ಬಳಿದ ಹಾಗೆ.

"ತಂಗೀ, ಇಲ್ಲಿ ಏನಾರ ಚೆಲ್ಲಿದ್ದೇನು?"

"ಒಂದು ಹನಿ ನೀರು ಬಿದ್ದಿಲ್ರಿ. ಪೈಪ್ ಹಿಡ್ದು ತೊಳ್ದಿಲ್ಲ. ಒದ್ದೆ ಬಟ್ಟೇಲಿ ಒರೆಸೋದು, ಅಷ್ಟೆ."

ನಾನು ಉಗುರಿನಿಂದ ಕೆರೆದು ಮೂಸಿ ನೋಡಿದೆ. ಈ ಸೀಮೆಯಲ್ಲಿ ಬೆಳೆದವರಿಗೆ ಆ ವಾಸನೆ ಬೇರೆ ಹೇಳಬೇಕಿಲ್ಲ.

"ಮತ್ತೆ ಚೊಗರು ಎಲ್ಲಿಂದ ಬಂತು?"

ಅವಳು ಸೆರಗು ಸರಿಮಾಡಿಕೊಂಡಳು. "ಅದಾ? ನಾದಿನಿ ಮನೆಯಿಂದ ಒಂದು ಕ್ಯಾನ್ ತಂದಿದ್ದೆ. ಮುಚ್ಚಳದ ಹತ್ರ ವಸಿ ತುಳುಕ್ತು. ಚೊಗರೂ ನೀರೂ ಒಂದೇ ಏನ್ರಿ?"

ಚೊಗರು ಎಂದರೆ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ರಸ. ಹೊಸ ಸುಗ್ಗಿಯ ಮೊದಲ ಬೇಯಿಸುವಿಕೆಗೆ ಒಳ್ಳೆಯ ಬಣ್ಣ ಬರಬೇಕಾದರೆ ಹಿಂದಿನ ವರ್ಷದ ಹಳೆ ಚೊಗರು ಬೆರೆಸಬೇಕು. ಇಲ್ಲದವರು ಇದ್ದವರ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದ ಹಾಗೆ ತರುತ್ತಾರೆ. ನೀರು ಬಿದ್ದಿದ್ದರೆ ಆರಿಹೋಗುತ್ತಿತ್ತೇನೋ. ಚೊಗರು ಸಂದಿಯೊಳಗೆ ಇಳಿದು, ಒಣಗಿ, ಜೋಡಣೆಯೊಳಗಿನ ಪಿನ್ನನ್ನು ಮೆಲ್ಲಗೆ ತಿಂದಿತ್ತು. ಒರೆಸಲು ಹೋದಾಗ ಆ ಪಿನ್ನು ಮುರಿದು ಕೈಗೇ ಬಂತು.

ಅವಳ ಮುಖ ಇಳಿಯಿತು. "ಹೋತು ಬಿಡ್ರಿ ಹಂಗಾರೆ."

ಆ ಪಿನ್ನನ್ನು ಬಿಡಿಯಾಗಿ ಯಾರೂ ಮಾರುವುದಿಲ್ಲ. ಇಡೀ ವೈರಿಂಗೇ ತರಿಸಬೇಕು. ಆದರೆ ಹೊನ್ನಾಳಿಯ ಗುಜರಿಯವನ ಹತ್ತಿರ ಹಿಂದೊಮ್ಮೆ ಹಳೆ ಚಕ್ರಗಳನ್ನು ಕೊಂಡಾಗ, ಅಪಘಾತವಾದ ಆಟೋವೊಂದರ ವೈರಿಂಗ್ ಗಂಟನ್ನೂ ಅವುಗಳ ಜೊತೆಗೇ ಹಾಕು ಎಂದು ಹಟ ಹಿಡಿದಿದ್ದೆ. ಅವನು ಬೇಸತ್ತು ಅದನ್ನು ನನ್ನತ್ತ ಎಸೆದಿದ್ದ. ಅಂದಿನಿಂದ ಅದು ಅಂಗಡಿಯ ಹಿಂದಿನ ಗೋಡೆಗೆ ನೇತಾಡುತ್ತಿತ್ತು. ಊಟದ ಡಬ್ಬಿ ತಂದಾಗಲೆಲ್ಲ ನನ್ನ ಹೆಂಡತಿ, "ಈ ಜಡೆ ಯಾವ ಮದುವೆಗೆ ಕಾದೈತ್ರಿ?" ಎಂದು ಕೇಳುತ್ತಿದ್ದಳು. ಆ ಮದುವೆ ಇವತ್ತು ಬಂದಿತ್ತು. ಗಂಟು ಬಿಚ್ಚಿ ಹುಡುಕಿದೆ. ಅದೇ ಅಳತೆಯ ಪಿನ್ನು, ಥಳಥಳ ಹೊಳೆಯುತ್ತಿತ್ತು. ಕೊಸರು ಕೇಳಲು ಎಂದೂ ನಾಚಬೇಡಿ.

ಹೊಸ ಪಿನ್ನು ಅದುಮಿ ಕೂರಿಸಿ, ಜೋಡಣೆಯನ್ನು ತಗಡಿನಿಂದ ಎತ್ತಿ ಸೀಟಿನ ಅಡಿಗೆ ಕಟ್ಟಿ ಮತ್ತೆ ಮೀಟರ್ ಹಿಡಿದೆ. ಅರವತ್ತು. ಕೀಲಿ ತಿರುವಿದಾಗ ಪರದೆಯ ಮೇಲಿನ ದೂರು ಮಾಯವಾಗಿತ್ತು. ಆಕ್ಸಲರೇಟರ್ ತಿರುವಿದೆ, ಜಾಕಿನ ಮೇಲಿದ್ದ ಹಿಂದಿನ ಚಕ್ರ ಸದ್ದಿಲ್ಲದೆ ತಿರುಗತೊಡಗಿತು. ಪೆಟ್ರೋಲ್ ಆಟೋ ರಿಪೇರಿ ಮಾಡುತ್ತಲೇ ಕೂದಲು ನರೆತ ನನಗೆ ಆ ಸದ್ದಿಲ್ಲದ ತಿರುಗಾಟ ಕಂಡು ಎದೆ ಉಬ್ಬಿತು ಎಂದರೆ ತಪ್ಪಲ್ಲ.

"ಇನ್ಮೇಲೆ ಗಾಡಿಯೊಳಗೆ ಚೊಗರು ತರಂಗಿಲ್ಲ," ಎಂದೆ ಗಟ್ಟಿಯಾಗಿ.

"ತರದೆ ಹೆಂಗಾಕೈತ್ರಿ? ಸುಗ್ಗಿ ಈಗಿನ್ನಾ ಶುರು," ಎಂದಳು. ಮುಖಕ್ಕೆ ಕಳೆ ಬಂದಿತ್ತು, ಬಾಯಿಗೂ. "ಹಿಂದ್ಗಡೆ ಹೊರಗೆ ಕ್ಯಾನ್ ಇಡಾಕೆ ಒಂದು ಸ್ಟ್ಯಾಂಡ್ ಮಾಡ್ಕೊಡ್ರಿ. ಈ ರಿಪೇರಿ ದುಡ್ಡಲ್ಲೇ ಬರ್ಬೇಕು ಮತ್ತೆ."

"ಇದ್ರಲ್ಲೇ ಹೆಂಗೆ ಬರ್ತೈತೆ? ಅದಕ್ಕೆ ಕಬ್ಬಿಣ ಬ್ಯಾಡೇನು?"

"ಗುಜರಿಯವನ ಹತ್ರ ನೀವು ಇಸ್ಕೊಳ್ಳಲಿಲ್ಲೇನು? ಹಂಗೇ."

ಗಂಟಿನ ಕಥೆಯನ್ನು ಅವಳ ಮುಂದೆ ಹೆಮ್ಮೆಯಿಂದ ಹೇಳಿದವನು ನಾನೇ. ವೆಲ್ಡಿಂಗ್ ಕನ್ನಡಕ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದೆ. ಮೊದಲು ಡೀಸೆಲ್ ಆಟೋ ಖಾಲಿಯಾಗಿ ವಾಪಸ್ ಹೋಯಿತು. ಸ್ವಲ್ಪ ಹೊತ್ತಿಗೆ ಇವಳ ಆಟೋ ಬಂತು. ಒಳಗೆ ಸುಲಿಯುವ ಹೆಂಗಸರು ಒತ್ತೊತ್ತಾಗಿ ಕೂತು ನಗುತ್ತಿದ್ದರು. ಅವಳು ನಿಲ್ಲಿಸಲಿಲ್ಲ, ಹಾರ್ನ್ ಮಾತ್ರ ಒತ್ತಿದಳು. ಹಿಂದೆ ನಾನು ಮಾಡಿಕೊಟ್ಟ ಸ್ಟ್ಯಾಂಡಿನ ಮೇಲೆ, ಬಾಯಿಗೆ ಬಟ್ಟೆ ಬಿಗಿದ ಚೊಗರಿನ ಕ್ಯಾನು ಅಲುಗಾಡದೆ ಕೂತಿತ್ತು.